ರೇಡಿಯೋದಲ್ಲಿ ಹೇಳದ ಸಾವು

ಬಿಸಿಲು ಮೂರನೆಯ ಸಾಲಿನ ಖಾಲಿ ಕುರ್ಚಿಗಳ ಬೆನ್ನಿಗೆ ಬಂದಿದೆ, ಆಗಲೇ ಎರಡನೆಯ ಸಾಲಿನಲ್ಲಿತ್ತು, ಅಂದರೆ ಅರ್ಧ ಗಂಟೆ ಕಳೆದಿದೆ, ಅದಾದರೂ ಒಳಗೆ ಬಂದು ಒಂದೊಂದೇ ಕುರ್ಚಿಯಲ್ಲಿ ಕುಳಿತು ಎದ್ದು ಹೋಗುತ್ತಿದೆ, ಬಿಸಿಲಿಗಿರುವ ಮರ್ಯಾದೆ ಈ ಊರಿನ ಮನುಷ್ಯರಿಗೆ ಇಲ್ಲದೆ ಹೋಯಿತೇ — ಚರ್ಚಿನ ಸಭಾಂಗಣದಿಂದ ತರಿಸಿದ ನಲವತ್ತು ಮಡಚು ಕುರ್ಚಿಗಳು, ನಲವತ್ತು ಸಾಲದು ಎಂದವಳು ನಾನೇ, ಮ್ಯಾಲಕಿ ಟಿಯರ್ನನ್‌ನ ಸಾವಿಗೆ ಅರ್ಧ ಜಿಲ್ಲೆ ಬರುತ್ತದೆ, ಕಾರು ನಿಲ್ಲಿಸಲು ಹುಲ್ಲುಗಾವಲಿನ ಗೇಟು ತೆಗೆದಿಡಿ ಎಂದವಳೂ ನಾನೇ, ಗೇಟು ತೆರೆದುಕೊಂಡೇ ಇದೆ, ಅದರ ಮೂಲಕ ಇದುವರೆಗೆ ಒಳಗೆ ಬಂದದ್ದು ಪಕ್ಕದ ಮನೆಯ ಒಂದು ಕುರಿ. ನಾಲ್ಕರಿಂದ ಎಂಟರವರೆಗೆ ಅಂತಿಮ ದರ್ಶನ, ಈಗ ಐದು ದಾಟಿದೆ. ಅವನದೇ ಮನೆಯ ಕಿಟಕಿಯ ಬಳಿ ಶವಪೆಟ್ಟಿಗೆಯಲ್ಲಿ ಮ್ಯಾಲಕಿ, ನೀಲಿ ಸೂಟು, ಬೆರಳುಗಳಿಗೆ ಸುತ್ತಿದ ಜಪಮಾಲೆ, ವರ್ಷಾನುಗಟ್ಟಲೆ ಹೆಡ್‌ಫೋನು ಒತ್ತಿ ಒತ್ತಿ ತಲೆಗೆ ಅಂಟಿಕೊಂಡ ಕಿವಿಗಳು, ಈಗಲೂ ಏನನ್ನೋ ಗಮನವಿಟ್ಟು ಕೇಳುತ್ತಿರುವವನಂತೆ ಕಾಣುತ್ತಾನೆ. ಹೊರಗೆ ಯೂಜೀನ್ ಬೀರ್ನ್ ಹುಲ್ಲು ಕೊಯ್ಯುತ್ತಿದ್ದಾನೆ, ಟ್ರಾಕ್ಟರಿನ ಸದ್ದು ಬೇಲಿಯವರೆಗೆ ಬರುತ್ತದೆ, ತಿರುಗುತ್ತದೆ, ದೂರ ಹೋಗುತ್ತದೆ, ನೆರೆಮನೆಯವನು ಸತ್ತು ಪೆಟ್ಟಿಗೆಯಲ್ಲಿ ಮಲಗಿರುವಾಗ ಹುಲ್ಲು ಕೊಯ್ಯುವವನ ತಾಯಿ ಅವನಿಗೆ ಏನು ಕಲಿಸಿದ್ದಳು, ಅಥವಾ ನಾನು, ಅವನಿಗೆ ಎರಡನೆಯ ತರಗತಿಯಿಂದ ಆರನೆಯವರೆಗೆ ಪಾಠ ಹೇಳಿದ ನಾನು, ಏನು ಕಲಿಸಿದ್ದೆ. ಅಡುಗೆಮನೆಯಲ್ಲಿ ಮ್ಯಾಲಕಿಯ ತಂಗಿ ಡಿಂಪ್ನಾ ಸ್ಯಾಂಡ್‌ವಿಚ್‌ಗಳ ಅಂಚು ಒಣಗದಿರಲೆಂದು ಒದ್ದೆ ಬಟ್ಟೆ ಹೊದಿಸಿದ್ದಾಳೆ, ಮೂರು ಸಲ ಆ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿದ್ದಾಳೆ, ಆಗಲೇ ಬಾಗಿಲಲ್ಲಿ ನಿಂತು ಕುರ್ಚಿಗಳನ್ನು ನೋಡಿ, ಮರ್ತ್‌ಬಿಟ್ರು ಕಣೇ ಅಟ್ರಾಕ್ಟಾ, ನಮ್ಮಣ್ಣನ್ನ ಮರ್ತೇ ಬಿಟ್ರು ಎಂದಳು, ಅಳಲಿಲ್ಲ, ಅತ್ತಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಫೋನು ಮಾಡೋಣ ಎಂದೆ, ಅಷ್ಟಕ್ಕೇ ಸಿಡಿದಳು, ಮದ್ವೆಗೆ ಕರೀಬೇಕು, ಸಾವಿಗೆ ಯಾರಾದ್ರೂ ಕರೀತಾರಾ, ಫೋನ್ ಮಾಡಿ ಜನ ಕೂಡಿಸಿದ್ರೆ ಆ ಪೆಟ್ಟಿಗೆ ಪಕ್ಕ ನೀನೇ ಕೂತ್ಕೋ, ನಾನು ಕೂರೋಳಲ್ಲ. ಅವಳು ಹೇಳಿದ್ದು ನ್ಯಾಯ. ಈ ಸೀಮೆಯಲ್ಲಿ ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ರೇಡಿಯೋದಲ್ಲಿ ಹೇಳುತ್ತಾರೆ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಮಧ್ಯಾಹ್ನ ಒಂದು ಹತ್ತಕ್ಕೆ, ಸಂಜೆ ಐದು ಹತ್ತಕ್ಕೆ, ಹೇಳುವುದಕ್ಕೆ ಮುಂಚೆ ಯಾರೂ ಹೊಸಿಲು ದಾಟುವುದಿಲ್ಲ, ಹೇಳಿದ ಮೇಲೆ ಯಾರೂ ಮನೆಯಲ್ಲಿ ಕೂರುವುದಿಲ್ಲ.

ಕಿಟಕಿಕಟ್ಟೆಯ ಮೇಲೆ ಮ್ಯಾಲಕಿಯ ರೇಡಿಯೋ ಇದೆ, ಎರಡು ವರ್ಷದ ಮೇಲೆ ಇವತ್ತು ನನ್ನ ಕೈಯಿಂದ ಅದನ್ನು ಹಚ್ಚಿದ್ದೇನೆ, ಐದು ಹತ್ತು ಆಗಲಿ ಎಂದು ಕಾಯುತ್ತಿದ್ದೇನೆ, ಯಾರೋ ಹುಡುಗಿ ಒಂದೇ ಮಾತನ್ನು ಹನ್ನೆರಡು ಸಲ ಹಾಡುತ್ತಿದ್ದಾಳೆ, ನಡುವೆ ಒಬ್ಬ ಗಂಡಸು ನಿಲಯದ ಹೊಸ ಹೆಸರನ್ನು ಕೂಗುತ್ತಾನೆ, ನಾನು ಆ ಹೆಸರನ್ನು ಉಚ್ಚರಿಸುವುದಿಲ್ಲ, ಒಂದು ಉದ್ಗಾರ, ಅದರ ಬಾಲಕ್ಕೊಂದು ಅಂಕಿ, ಅದು ಹೆಸರಲ್ಲ, ನೆಗಡಿಯ ಸೀನು. ಡ್ರಮ್‌ಕೀಲ್ ರೇಡಿಯೋ ಎಂಬುದು ಹೆಸರು. ಡಬ್ಲಿನ್ನಿನ ಕಂಪನಿ ನಿಲಯವನ್ನು ಕೊಂಡು ಆ ಹೆಸರನ್ನು ಅಳಿಸಿದ ದಿನ ನಾನು ನನ್ನ ಮನೆಯ ರೇಡಿಯೋದ ಕೊರಳು ಹಿಚುಕಿ ಬೀರುವಿನಲ್ಲಿಟ್ಟೆ, ತತ್ತ್ವವೆಂದರೆ ತತ್ತ್ವ, ಮ್ಯಾಲಕಿ ಮಾತ್ರ ಕೇಳುವುದನ್ನು ಬಿಡಲಿಲ್ಲ, ಮಗ ಕೆಟ್ಟ ಅಂತ ಹೆತ್ತೋರು ಮುಖ ನೋಡದೆ ಇರ್ತಾರಾ ಮಿಸ್ ಎಂದ, ಎಪ್ಪತ್ತು ದಾಟಿದರೂ ನನ್ನನ್ನು ಮಿಸ್ ಎಂದೇ ಕರೆಯುತ್ತಿದ್ದ, ನನ್ನ ಶಿಷ್ಯನಲ್ಲ, ನನಗಿಂತ ಒಂದು ವರ್ಷ ದೊಡ್ಡವನು, ಮೊದಲ ದಿನ ಶಾಲೆಯ ಗೇಟಿನಲ್ಲಿ ಹಾಗೆ ಕರೆದ, ಹಾಗೇ ಉಳಿಯಿತು. ಎಂಬತ್ತೆರಡನೆಯ ಇಸವಿಯ ಮಾರ್ಚ್, ಕೈಯೆಲ್ಲ ಬೆಸುಗೆಯ ಕಲೆ, ಮಿಸ್ ಫೀನಿ, ನಿಮ್ಮ ದನಿ ಗಟ್ಟಿಯಿದೆ, ಸತ್ತೋರ ಹೆಸರು ಓದ್ತೀರಾ. ಈ ಮನೆಯ ಹಿಂದಿನ ಹುಲ್ಲಿನ ಕೊಟ್ಟಿಗೆಯ ಅಟ್ಟದಲ್ಲಿ ಅವನ ರೇಡಿಯೋ ನಿಲಯ, ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಮೊಳೆ ಹೊಡೆದಿದ್ದ, ಬಿಸ್ಕತ್ತಿನ ಡಬ್ಬಿಯೊಳಗೆ ಪ್ರಸಾರದ ಯಂತ್ರ, ಆ್ಯಶ್ ಮರಕ್ಕೆ ಕಟ್ಟಿದ ಆಂಟೆನಾ ಕಂಬ, ಸರ್ಕಾರದ ಅಪ್ಪಣೆ ಇಲ್ಲ. ಇದು ಕಾನೂನುಬಾಹಿರ, ನಾನು ಸರ್ಕಾರದ ಸಂಬಳ ತಿನ್ನುವ ಶಿಕ್ಷಕಿ ಎಂದೆ, ಕಾನೂನಿಗೆ ನಮ್ಮೂರಲ್ಲಿ ಯಾರು ಸತ್ರು ಅಂತ ಗೊತ್ತಿರುತ್ತಾ ಮಿಸ್ ಎಂದ. ಒಂದು ವಾರ ಯೋಚಿಸಿದೆ, ಶನಿವಾರ ಏಣಿ ಹತ್ತಿದೆ. ಮೊದಲು ದನದ ಸಂತೆಯ ಧಾರಣೆ, ಆಮೇಲೆ ಅಕಾರ್ಡಿಯನ್, ಆಮೇಲೆ ನಾನು — ಗುಡ್ಡದ ಬೆನ್ನಿನ ಒಬ್ಬ ಮುದುಕಿ, ಶಾಂತವಾಗಿ, ತನ್ನ ಮನೆಯಲ್ಲಿ — ಓದುತ್ತ ಓದುತ್ತ ಅಟ್ಟದ ಚಿಕ್ಕ ಕಿಟಕಿಯಿಂದ ಕೆಳಗೆ ನೋಡಿದೆ, ಹೊಲದಲ್ಲಿ ಒಂದು ಟ್ರಾಕ್ಟರು ನಿಂತಿತು, ಯೂಜೀನನ ತಂದೆ ಇಳಿದು ಟೋಪಿ ತೆಗೆದ, ಮುಖವೆಲ್ಲ ಗಾಳಿ ಬಿಸಿಲಿಗೆ ಇಟ್ಟಿಗೆಯಷ್ಟು ಕೆಂಪು, ಟೋಪಿ ಕೂರುವ ಗೆರೆಯ ಮೇಲೆ ಹಣೆ ಹಾಲಿನಷ್ಟು ಬಿಳುಪು, ಆ ಬಿಳಿಯ ಹಣೆಯನ್ನು ಅವನ ಹೆಂಡತಿ ಮತ್ತು ದೇವರು ಬಿಟ್ಟರೆ ಯಾರೂ ನೋಡಿರಲಾರರು, ಮೂರು ಹೊಲಗಳ ಆಚೆಯಿಂದಲೂ ಅದು ಹೊಳೆಯಿತು. ನಾನು ಯಾರಿಗಾಗಿ ಓದುತ್ತಿದ್ದೇನೆಂದು ಅಂದು ತಿಳಿಯಿತು, ಅಲ್ಲಿಂದ ಮುಂದೆ ಒಂದು ಹೆಸರನ್ನೂ ಅವಸರದಲ್ಲಿ ಓದಲಿಲ್ಲ.

ಅಧಿಕಾರಿಗಳು ಎರಡು ಸಲ ಬಂದು ಡಬ್ಬಿಯನ್ನು ಹೊತ್ತೊಯ್ದರು, ಎರಡು ಸಲವೂ ಮ್ಯಾಲಕಿ ಹೊಸ ಬಿಸ್ಕತ್ತು ಕೊಂಡ, ಎಂಬತ್ತೊಂಬತ್ತರಲ್ಲಿ ಪರವಾನಗಿ ಬಂತು, ರೇಡಿಯೋದ ಮುಳ್ಳು ನಿಲ್ಲುವ ಅದೇ ಸ್ಥಾನ, ತರಂಗದ ಅದೇ ಅಂಕಿ, ಪೇಟೆಯಲ್ಲಿ ಗಾಜಿನ ಕೋಣೆ, ನೆಲಕ್ಕೆ ಜಮಖಾನ, ಆಡಳಿತ ಮಂಡಳಿಯಲ್ಲಿ ಪಶುವೈದ್ಯ, ಪಬ್ಬಿನ ಮಾಲೀಕ, ಹರಾಜಿನವನು, ಜಮಖಾನ ಹಾಸಿದ ದಿನವೇ ಕೇಡು ಒಳಗೆ ಬಂತೆಂದು ನಾನು ನಂಬಿದ್ದೇನೆ. ಅಕಾರ್ಡಿಯನ್ ಹೋಯಿತು, ಅಗಲ ಹ್ಯಾಟಿನ ಕೌಬಾಯ್ ಗಾಯಕರು ಬಂದರು, ಹುಟ್ಟಿದಂದಿನಿಂದ ಮಳೆಯಲ್ಲಿ ನೆನೆದವರು ಮರುಭೂಮಿಯ ಹೆಸರು ಹೇಳಿ ಅತ್ತರು, ಸಹಿಸಿದೆ, ಅವರ ನಡುವೆಯೂ ಒಂದು ಹತ್ತಕ್ಕೆ ನನ್ನ ಹೆಸರುಗಳನ್ನು ಓದಿದೆ, ಶಾಲೆಯ ಹೊತ್ತಿನ ಓದನ್ನು ಮುಂಜಾನೆಯೇ ಟೇಪಿನಲ್ಲಿ ಹಿಡಿದಿಟ್ಟು ಹೋಗುತ್ತಿದ್ದೆ. ಆಮೇಲೆ ಡಬ್ಲಿನ್ನಿನಿಂದ ಒಬ್ಬ ಸಲಹೆಗಾರ ಬಂದು ಗೋಡೆಗೆ ಒಂದು ಹೆಂಗಸಿನ ಚಿತ್ರ ಅಂಟಿಸಿದ, ಇವ್ಳು ಸೋನ್ಯಾ, ಮೂವತ್ತನಾಲ್ಕು ವರ್ಷ, ಎರಡು ಮಕ್ಕಳು, ಬೆಳ್ಳಿ ಬಣ್ಣದ ಕಾರು, ಇನ್ಮೇಲೆ ಯಾವ ಹಾಡು ಹಾಕೋದಿದ್ರೂ ಸೋನ್ಯಾಗೆ ಇಷ್ಟ ಆಗುತ್ತಾ ಅಂತ ಮೊದ್ಲು ಕೇಳ್ಕೊಳ್ಳಿ. ಸೋನ್ಯಾ ಎಂಬವಳು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಇಲ್ಲದ ಹೆಂಗಸಿನ ಮರ್ಜಿಗೆ ಇರುವ ಜನರ ರೇಡಿಯೋವನ್ನು ಬಗ್ಗಿಸಿದರು. ಸೋನ್ಯಾಗೆ ಸಾವು ಇಷ್ಟ ಇಲ್ಲ ಮೇಡಂ, ಮರಣವಾರ್ತೆನ ದಿನಕ್ಕೊಂದು ಸಲ ಮಾಡೋಣ ಎಂದ, ನಾನು ಎದ್ದು ನಿಂತು ಕೇಳಿದೆ, ಸೋನ್ಯಾಗೆ ತಾಯಿ ಇದ್ದಾಳೆಯೇ? ಕಾಗದ ತಿರುವಿದ, ಬರೆದಿರಲಿಲ್ಲ. ಪಶುವೈದ್ಯ ನಕ್ಕ, ಆ ನಗುವಿನಿಂದ ಮೂರೂ ಹೊತ್ತಿನ ಓದು ಉಳಿಯಿತು. ಮುಂದೆ ಹರಟೆಯ ಕಾಲ, ಜನ ಫೋನು ಮಾಡಿ ನೆರೆಯವರನ್ನು ಬೈಯುವುದೇ ಕಾರ್ಯಕ್ರಮ, ಸಿಟ್ಟು ಜಾಸ್ತಿಯಾದಷ್ಟೂ ಕೇಳುಗರು ಜಾಸ್ತಿ, ಆಮೇಲೆ ಹಳೆಯ ಹಾಡುಗಳ ಕಾಲ, ಆಮೇಲೆ ಹೊಸ ಹಾಡುಗಳ ಕಾಲ, ಆಮೇಲೆ ಎರಡೂ ಅಲ್ಲದ ಕಾಲ, ಪ್ರತಿ ಸಲವೂ ಯಾರು ಕೇಳುತ್ತಾರೆ ಎಂದು ಲೆಕ್ಕ ಹಾಕಿದರು, ಯಾರಿಗೆ ತಿಳಿಸಬೇಕು ಎಂದು ಒಬ್ಬನೂ ಕೇಳಲಿಲ್ಲ. ಎರಡು ಸಾವಿರದ ಹನ್ನೊಂದನೆಯ ಇಸವಿಯಲ್ಲಿ ನನ್ನ ಓದಿನ ಹಿಂದೆ ಹಾರ್ಪ್ ವಾದ್ಯ ಸೇರಿಸಿದರು, ಮುಂದೆ ಒಂದು ಹೂವಿನಂಗಡಿಯ ಜಾಹೀರಾತು, ಈ ದಿನದ ಸಾವುಗಳನ್ನು ನಿಮಗೆ ಅರ್ಪಿಸುತ್ತಿರುವವರು — ಅರ್ಪಿಸುತ್ತಿರುವವರು! — ಮೈಕಿನ ಮುಂದಿನಿಂದ ಎದ್ದು ಕೋಟು ಹಾಕಿಕೊಂಡೆ, ನಾನು ಎದ್ದದ್ದು ಸರಿಯೇ, ಸರಿಯೇ, ಆದರೆ ನನ್ನ ಕುರ್ಚಿಯಲ್ಲಿ ಆಮೇಲೆ ಯಾರು ಕುಳಿತರೆಂದು ನಾನು ತಿರುಗಿ ನೋಡಲಿಲ್ಲ. ಅದೇ ವರ್ಷ ಮ್ಯಾಲಕಿಗೂ ಒಂದು ಗಾಜಿನ ಗಡಿಯಾರ ಕೊಟ್ಟು ಕೈ ಕುಲುಕಿ ಮನೆಗೆ ಕಳಿಸಿದರು, ಆ ಗಡಿಯಾರ ಅಲ್ಲಿಯೇ ಅಗ್ಗಿಷ್ಟಿಕೆಯ ಮೇಲಿದೆ, ಐದು ಒಂಬತ್ತು ತೋರಿಸುತ್ತಿದೆ.

ಐದು ಹತ್ತು. ಹುಡುಗಿ ಹಾಡುತ್ತಿದ್ದಾಳೆ. ಐದು ಹನ್ನೊಂದು. ಮನೆಯಂಗಳದಲ್ಲಿಟ್ಟು ಮುಳುಗಿ ಕೂರುವ ಬಿಸಿನೀರಿನ ತೊಟ್ಟಿಯ ಜಾಹೀರಾತು, ಗುಳ್ಳೆಗಳ ಸದ್ದು, ಪೆಟ್ಟಿಗೆಯಲ್ಲಿ ಮಲಗಿದವನ ತಲೆಯ ಮೇಲೆ ಗುಳ್ಳೆಗಳು, ಗಡಿಯಾರ ಮುಂದಿರಬಹುದು, ಗಾಜಿನ ಗಡಿಯಾರವನ್ನು ನಂಬಬಾರದು, ಐದು ಹದಿನೈದು, ಮತ್ತೆ ಹಾಡು, ಈಗ ಓದುತ್ತಾರೆ, ಈಗ, ಶವಪೆಟ್ಟಿಗೆ ಒದಗಿಸುವ ಕ್ವಿನ್ ನಿನ್ನೆ ಮಧ್ಯಾಹ್ನವೇ ಎಂದಿನಂತೆ ನಿಲಯಕ್ಕೆ ಬರೆದು ಕಳಿಸಿದ್ದಾನೆ, ನಿನ್ನೆ ಐದಕ್ಕೆ ಓದಿರಬೇಕು, ಇವತ್ತು ಬೆಳಿಗ್ಗೆ, ಮಧ್ಯಾಹ್ನ — ಓದಿದ್ದಾರೆಯೇ ಎಂದು ನಾನು ಕೇಳಿಸಿಕೊಂಡೆನೇ, ಇಲ್ಲ, ನನ್ನ ರೇಡಿಯೋ ತತ್ತ್ವಸಮೇತ ಬೀರುವಿನಲ್ಲಿದೆ. ಹಿತ್ತಿಲ ಬಾಗಿಲಲ್ಲಿ ಮಾತು ಕೇಳುತ್ತದೆ, ಟ್ರಾಕ್ಟರಿನ ಸದ್ದು ಯಾವಾಗ ನಿಂತಿತು, ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ, ಹೊಸಿಲಿನ ಆಚೆ ಯೂಜೀನ್ ಬೀರ್ನ್, ಐವತ್ತು ದಾಟಿದ ಗಂಡಸು, ಕೈಯಲ್ಲಿ ಬಟ್ಟೆ ಮುಚ್ಚಿದ ಸೇಬಿನ ಟಾರ್ಟು, ತಲೆಯ ಮೇಲೆ ಟೋಪಿ, ಸಾವಿನ ಮನೆಯ ಬಾಗಿಲಲ್ಲಿ ತಲೆಯ ಮೇಲೆ ಟೋಪಿ. ಒಳಗೆ ಬರ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ ಡಿಂಪ್ನಾ, ನಮ್ಮನೆಯವ್ಳು ಕೊಟ್ಟು ಬಾ ಅಂದ್ಲು, ಕೊಟ್ಟು ಹೊರಟೆ. ಯೂಜೀನ್, ಟೋಪಿ ತೆಗೆದು ಒಳಗೆ ಬಾ ಎಂದೆ. ಬೇಡ ಮಿಸ್, ನೀವೆಲ್ಲ ಏಕಾಂತ ಬೇಕು ಅಂದಿರುವಾಗ ನಾನೊಬ್ನು ನುಗ್ಗಿದ್ರೆ ಚೆನ್ನಾಗಿರಲ್ಲ. ಏಕಾಂತ ಬೇಕೆಂದು ಯಾರು ಹೇಳಿದರು? ಯಾರೂ ಹೇಳ್ಲಿಲ್ಲ ಮಿಸ್, ರೇಡಿಯೋದಲ್ಲಿ ಬರ್ಲಿಲ್ವಲ್ಲ, ನಿನ್ನೆಯಿಂದ ಟ್ರಾಕ್ಟರಲ್ಲಿ ಹಚ್ಕೊಂಡೇ ಇದೀನಿ, ಹೋದ ಸೋಮವಾರದಿಂದ ಒಂದು ಸಾವೂ ಇಲ್ಲ, ಊರಲ್ಲಿ ಯಾರೂ ಸಾಯ್ತಿಲ್ಲ, ಒಳ್ಳೇ ಹವಾ ಇರ್ಬೇಕು ಅಂತ ತಮಾಷೆ ಮಾಡ್ತಿದ್ವಿ, ಆಮೇಲೆ ಪೆಟ್ಟಿಗೆ ಗಾಡಿ ಈ ಕಡೆ ಬಂದಿದ್ದು ನೋಡಿದೆ, ಹೇಳ್ಲಿಲ್ಲ ಅಂದ್ಮೇಲೆ ಮನೆಯವರಿಗೆ ಜನ ಬೇಡ ಅಂತ ತಾನೇ ಅರ್ಥ, ಅದಕ್ಕೇ ಹುಲ್ಲಿಗೆ ಬಂದೆ, ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ ಆ ಕಡೆ ಹೊಲದಿಂದ್ಲೇ ಶುರು ಮಾಡಿದೆ. ದೇವರೇ, ಈ ಊರು ಮರೆತಿಲ್ಲ, ಈ ಊರು ಮರ್ಯಾದೆಯಿಂದ ದೂರ ನಿಂತಿದೆ, ಮನೆಮನೆಯಲ್ಲಿ ಇಸ್ತ್ರಿ ಮಾಡಿದ ಕಪ್ಪು ಕೋಟು ಕುರ್ಚಿಯ ಬೆನ್ನಿಗಿದೆ, ಎಲ್ಲರೂ ಕಿವಿ ನೆಟ್ಟು ಕೂತಿದ್ದಾರೆ, ರೇಡಿಯೋ ಗುಳ್ಳೆ ಉಗುಳುತ್ತಿದೆ. ನಾನು ಹೇಳುತ್ತಿದ್ದೇನೆ, ಮನೆ ತೆರೆದಿದೆ, ಬಾ. ಸರಿ ಮಿಸ್, ರೇಡಿಯೋದಲ್ಲಿ ಹೇಳ್ಲಿ, ಎಲ್ಲರ ಜೊತೆ ಬರ್ತೀನಿ ಎಂದು ಟಾರ್ಟನ್ನು ಡಿಂಪ್ನಾಳ ಕೈಯಲ್ಲಿಟ್ಟು ಬೇಲಿ ದಾಟಿ ಹೋದ, ಟೋಪಿ ಅಲುಗಲಿಲ್ಲ, ಹೇಳದ ಸಾವು ಅವನ ಪಾಲಿಗೆ ಇನ್ನೂ ಸಾವಲ್ಲ, ಹಾಗೆ ಕಲಿಸಿದವಳು ನಾನೇ, ಮೂವತ್ತು ವರ್ಷ ದಿನಕ್ಕೆ ಮೂರು ಸಲ.

ಲೋರ್ಕನ್ ಗ್ರೀನನ್, ನಾಲ್ಕನೆಯ ತರಗತಿಯಲ್ಲಿ ಪದ್ಯ ಓದುವಾಗ ಪ್ರತಿ ಸಾಲಿನ ಕೊನೆಯನ್ನು ನುಂಗುತ್ತಿದ್ದವನು, ಈಗ ಆ ಸೀನಿನ ಹೆಸರಿನ ನಿಲಯಕ್ಕೆ ಸ್ಥಳೀಯ ವ್ಯವಸ್ಥಾಪಕ, ನಾನು ಮಾಡಿದ ಫೋನನ್ನು ಮೂರನೆಯ ಸಲ ಬಾರಿಸಿದಾಗ ಎತ್ತಿದ. ಅಯ್ಯೋ ಮಿಸ್, ಹೇಗಿದೀರಾ ಮಿಸ್, ಮ್ಯಾಲಕಿ ವಿಷಯ ಕೇಳಿ ತುಂಬ ಸಂಕಟ ಆಯ್ತು. ಕೇಳಿದೆಯಾ, ಹಾಗಾದರೆ ಯಾಕೆ ಓದಲಿಲ್ಲ? ಓದೋದು ನಿಲ್ಸಿದೀವಿ ಮಿಸ್, ಹೋದ ಸೋಮವಾರದಿಂದ, ಎಲ್ಲಾ ಫೋನಿನ ಆ್ಯಪ್‌ನಲ್ಲಿದೆ, ಇಪ್ಪತ್ತನಾಲ್ಕು ಗಂಟೆ ಇರುತ್ತೆ, ಯಾರು ಬೇಕಾದ್ರೂ ನೋಡ್ಬಹುದು. ಬೆರಳು ಬಗ್ಗದ ಎಂಬತ್ತು ವರ್ಷದವರು ನೋಡಬಹುದೇ ಲೋರ್ಕನ್? ನಾನು ತೀರ್ಮಾನ ಮಾಡಿದ್ದಲ್ಲ ಮಿಸ್, ಸಾವು ಶುರುವಾದ ತಕ್ಷಣ ಜನ ಬೇರೆ ಸ್ಟೇಷನ್ನಿಗೆ ತಿರುಗ್ತಾರೆ, ಡಬ್ಲಿನ್ನಿನವ್ರು ಗ್ರಾಫ್ ಹಾಕಿ ತೋರಿಸ್ತಾರೆ, ಗೆರೆಯಲ್ಲಿ ಅಲ್ಲೊಂದು ಗುಂಡಿ ಬೀಳುತ್ತೆ. ಆ ಗುಂಡಿಯಲ್ಲಿ ನಾಳೆ ಹನ್ನೊಂದಕ್ಕೆ ಮ್ಯಾಲಕಿಯನ್ನು ಇಡುತ್ತೇವೆ ಎಂದೆ. ಒಂದು ಸಲ, ಈಗ, ನೀನೇ ಮೈಕಿನ ಮುಂದೆ ಕುಳಿತು ಓದು, ಸಾಲಿನ ಕೊನೆ ನುಂಗದೆ ಓದು, ಆ ತರಂಗದ ಅಂಕಿ ಅವನದು, ಆ ಕಟ್ಟಡದಲ್ಲಿ ನಿನ್ನ ಸಂಬಳ ಹುಟ್ಟಿದ್ದು ಬಿಸ್ಕತ್ತಿನ ಡಬ್ಬಿಯಲ್ಲಿ. ಮಿಸ್, ಇಲ್ಲಿ ಮೈಕೇ ಇಲ್ಲ, ಬಿಚ್ಕೊಂಡ್ ಹೋದ್ರು, ರೇಡಿಯೋದಲ್ಲಿ ನೀವೀಗ ಕೇಳ್ತಿರೋ ಮಾತು ಹೋದ ಶುಕ್ರವಾರ ಡಬ್ಲಿನ್ನಲ್ಲಿ ಆಡಿದ್ದು, ನಾನೂ ಬೀಗ ಹಾಕಿ ಹೊರಟಿದೀನಿ. ಎಲ್ಲಿಗೆ, ಈ ಕಡೆಗೇ? ಇಲ್ಲ ಮಿಸ್, ಬರ್ಬೇಕು ಅಂತಿತ್ತು, ಕೋಟೂ ಕಾರಲ್ಲೇ ಇದೆ, ಆದ್ರೆ ಮನೆಯವರು ಏಕಾಂತ ಬಯಸಿರುವಾಗ — ಯಾರು ಹೇಳಿದರು? — ಯಾರೂ ಹೇಳ್ಲಿಲ್ಲ, ರೇಡಿಯೋದಲ್ಲಿ ಬರ್ಲಿಲ್ವಲ್ಲ ಮಿಸ್. ತಾನೇ ರೇಡಿಯೋದ ಬಾಯಿ ಹೊಲಿದು, ಆ ಬಾಯಿ ಮಾತಾಡಲಿಲ್ಲವೆಂದು ಮನೆಯಲ್ಲಿ ಕೂರುವವನು! ಅವನಿಗೂ ತನ್ನ ಮಾತು ಕೇಳಿಸಿತೆಂದು ಕಾಣುತ್ತದೆ, ಮಿಸ್, ಎಂದ, ಮತ್ತೆ, ಮಿಸ್, ಎಂದ, ನಾನು ಫೋನು ಇಟ್ಟೆ.

ಮ್ಯಾಲಕಿಯ ಡಬ್ಬಿ ಇನ್ನೂ ಅಟ್ಟದಲ್ಲಿದೆಯೇ ಎಂದು ಕೇಳಿದೆ, ಡಿಂಪ್ನಾ ನನ್ನ ಮುಖವನ್ನೇ ನೋಡಿದಳು, ಪ್ರತಿ ಭಾನುವಾರ ಪೂಜೆಯಿಂದ ಬಂದು ಹತ್ತು ನಿಮಿಷ ಹಚ್ಚಿ ಬಿಸಿ ಮಾಡಿ ಇಳಿದು ಬರ್ತಿದ್ದ, ತೇವ ಹಿಡೀಬಾರ್ದು ಅಂತ, ಮಾತಂತೂ ಆಡ್ತಿರ್ಲಿಲ್ಲ, ಏಣಿ ನಾನು ಹಿಡ್ಕೋತೀನಿ. ಎಪ್ಪತ್ತಾರು ವರ್ಷದ ಮೊಣಕಾಲು, ಹದಿನಾಲ್ಕು ಮೆಟ್ಟಿಲು, ಕಾನೂನನ್ನು ಮುರಿಯಬಾರದೆಂದು ಮೂವತ್ತೆಂಟು ವರ್ಷ ಹಲಗೆಯ ಮೇಲೆ ಬರೆದ ಕೈ ಏಣಿಯ ಕಂಬವನ್ನು ಹಿಡಿದಿದೆ, ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಬೇರೆಯವರ ಪ್ರಸಾರದ ಮೇಲೆ ಹತ್ತಿ ಕೂರುವುದು ಇನ್ನೂ ದೊಡ್ಡ ಅಪರಾಧ, ನನಗೆ ಗೊತ್ತು, ಗೊತ್ತಿದ್ದೇ ಹತ್ತುತ್ತಿದ್ದೇನೆ, ಕೆಳಗಿನಿಂದ ಡಿಂಪ್ನಾ, ಜೈಲಿಗೆ ಹಾಕಿದ್ರೆ ಹೆದರ್ಬೇಡ, ಸ್ಯಾಂಡ್‌ವಿಚ್ ತಂದ್ಕೊಡ್ತೀನಿ, ಬೇಕಾದಷ್ಟಿವೆ. ಅಟ್ಟದಲ್ಲಿ ಇಲಿಯ ವಾಸನೆ, ಹಳೆಯ ಹುಲ್ಲಿನ ವಾಸನೆ, ಮೊಟ್ಟೆಯ ಟ್ರೇಗಳು ಅರ್ಧ ಕಳಚಿ ನೇತಾಡುತ್ತಿವೆ, ಆದರೆ ಡಬ್ಬಿ ಒರೆಸಿಟ್ಟಂತೆ ಶುಭ್ರವಾಗಿದೆ, ಮೈಕಿಗೆ ತನ್ನ ಹಳೆಯ ಉಣ್ಣೆಯ ಕಾಲುಚೀಲ ತೊಡಿಸಿಟ್ಟಿದ್ದಾನೆ. ಗುಂಡಿ ಒತ್ತಿದೆ, ಮುಳ್ಳು ನಡುಗಿತು, ಏರಿತು. ಹತ್ತಿರದ ದನಿ ದೂರದ ದನಿಯನ್ನ ಮುಚ್ಚುತ್ತೆ ಮಿಸ್, ಅಂಕಿ ಒಂದೇ ಆದ್ರೆ ಆಯ್ತು, ಬೆಟ್ಟದ ಮೇಲೆ ಎಷ್ಟು ದೊಡ್ಡ ಕಂಬ ಇದ್ರೂ ಮೂರು ಮೈಲಿಯೊಳಗೆ ನಮ್ಮದೇ ರಾಜ್ಯ, ಎಂದು ಹಿಂದೆ ಮ್ಯಾಲಕಿ ಹೇಳಿದ್ದು ನಿಜವೋ, ನನಗೆ ಧೈರ್ಯ ಬರಲೆಂದು ಹೇಳಿದ್ದೋ, ಈಗ ಅವನನ್ನು ಕೇಳುವಂತಿಲ್ಲ. ಬರೆದುಕೊಂಡಿಲ್ಲ, ಬೇಕಾಗಿಯೂ ಇಲ್ಲ. ಇದು ಡ್ರಮ್‌ಕೀಲ್ ರೇಡಿಯೋ. ನನ್ನ ದನಿ ಒಡೆದಿದೆ, ಒಡೆಯಲಿ, ಅವಸರ ಬೇಡ. ಈ ಕೆಳಗಿನ ಮರಣವನ್ನು ತಿಳಿಸಲು ವಿಷಾದಿಸುತ್ತೇವೆ. ಮ್ಯಾಲಕಿ ಟಿಯರ್ನನ್, ಡ್ರಮ್‌ಕೀಲ್, ಶಾಂತವಾಗಿ, ತಮ್ಮ ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ — ಕುರ್ಚಿಯೆಂದು ಓದುವ ವಾಡಿಕೆಯಿಲ್ಲ, ಓದಿಬಿಟ್ಟೆ, ನಿಜವಾದ್ದರಿಂದ ಇರಲಿ — ಅಗಲಿದ ತಂದೆ ಬಾರ್ತ್ಲಿ ಮತ್ತು ತಾಯಿ ವಿನಿಫ್ರೆಡ್ ಅವರ ಮಗ, ದುಃಖದಲ್ಲಿರುವವರು ತಂಗಿ ಡಿಂಪ್ನಾ, ನೆರೆಹೊರೆಯವರು, ಮತ್ತು ಈ ರೇಡಿಯೋದ ಕೇಳುಗರು. ಇಂದು ರಾತ್ರಿ ಎಂಟರವರೆಗೆ ಅಂತಿಮ ದರ್ಶನ. ಮನೆ ತೆರೆದಿದೆ. ಮತ್ತೊಮ್ಮೆ ಹೇಳುತ್ತೇನೆ, ಮನೆ ತೆರೆದಿದೆ. ಕಿವಿಗೆ ನನ್ನ ಉಸಿರು ಬಿಟ್ಟರೆ ಏನೂ ಕೇಳುವುದಿಲ್ಲ, ಈ ಮಾತು ಮರದ ತುದಿಯವರೆಗಾದರೂ ಹೋಯಿತೇ, ಇಲಿಗಳಿಗೆ ಓದಿದೆನೇ, ಚಿಕ್ಕ ಕಿಟಕಿಯ ಗಾಜಿಗೆ ಜೇಡರ ಬಲೆ, ಅಂಗೈಯಿಂದ ಒರೆಸಿದೆ, ಟ್ರಾಕ್ಟರು ನನ್ನ ಕಡೆಗೆ ಬರುತ್ತಿದೆ, ತಿರುಗುತ್ತದೆ, ಈಗ ತಿರುಗುತ್ತದೆ, ತಿರುಗಲಿಲ್ಲ — ನಿಂತಿತು, ಅರ್ಧ ಕೊಯ್ದ ಸಾಲಿನ ನಡುವೆ ನಿಂತಿತು, ಯೂಜೀನ್ ಇಳಿಯುತ್ತಿದ್ದಾನೆ, ಎರಡೂ ಕಾಲು ನೆಲದ ಮೇಲೆ, ಕೈ ಮೇಲಕ್ಕೆ ಹೋಯಿತು, ಟೋಪಿ ಕೆಳಗಿಳಿಯಿತು, ಇಟ್ಟಿಗೆ ಕೆಂಪಿನ ಮುಖ, ಅದರ ಮೇಲೆ ಆ ಗೆರೆ, ಗೆರೆಯ ಮೇಲೆ, ಮೂರು ಹೊಲಗಳ ಆಚೆಯಿಂದ, ಬಿಳಿಯ ಹಣೆ, ನಾಳೆ ಹನ್ನೊಂದಕ್ಕೆ ಪೂಜೆ ಎಂಬುದನ್ನು ನಾನಿನ್ನೂ ಓದಬೇಕು, ಬಿಳಿಯ ಹಣೆ